ಹಳೆ ಕಾರಿನ ಬೋಲ್ಟು, ಕ್ಲಿಪ್ಪು, ಹಿಡಿಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: 1950ರ ದಶಕದ ಬ್ರಿಟಿಷ್ ಕಾರೊಂದರ ಬಾಡಿ ಬಿಚ್ಚಿದ್ದೇನೆ. ಮಡ್‌ಗಾರ್ಡಿನ ಬೋಲ್ಟು ಕಾಲಿಂಚಿನದು ಎಂದು ಅಳೆದು ಹೊಸದು ತಂದೆ. ಎರಡು ಸುತ್ತು ಸಲೀಸಾಗಿ ಹೋಗಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಏನು ತಪ್ಪಿದೆ?

ಉತ್ತರ: ದಪ್ಪ ಸರಿಯಾಗಿದೆ, ಥ್ರೆಡ್ ಬೇರೆ. ಇನ್ನು ಬಲವಂತ ಮಾಡಬೇಡಿ, ಒಳಗಿನ ನಟ್ ಕೂಡ ಹಾಳಾಗುತ್ತದೆ. ಕಾಲಿಂಚಿನ ಬೋಲ್ಟಿನಲ್ಲೇ ನಾಲ್ಕು ಬಗೆಯಿವೆ: ಬಿಎಸ್‌ಎಫ್, ಬಿಎಸ್‌ಡಬ್ಲ್ಯು ಹಳೇ ಬ್ರಿಟಿಷ್ ಪದ್ಧತಿಯವು; ಯುಎನ್‌ಎಫ್, ಯುಎನ್‌ಸಿ ಆಮೇಲೆ ಬಂದ ಯುನಿಫೈಡ್ ಪದ್ಧತಿಯವು. ಬಿಎಸ್‌ಎಫ್‌ಗೆ ಇಂಚಿಗೆ 26 ಥ್ರೆಡ್, ಯುಎನ್‌ಎಫ್‌ಗೆ 28, ಬಿಎಸ್‌ಡಬ್ಲ್ಯು ಮತ್ತು ಯುಎನ್‌ಸಿ ಎರಡಕ್ಕೂ 20. ಕೊನೆಯ ಎರಡು ಇನ್ನೂ ಮೋಸದವು. ಎಣಿಕೆ ಒಂದೇ ಆದರೂ ಬ್ರಿಟಿಷ್ ಥ್ರೆಡ್ಡಿನ ಕೋನ 55 ಡಿಗ್ರಿ, ಯುನಿಫೈಡ್‌ದು 60. ಒಂದರೊಳಗೆ ಇನ್ನೊಂದು ಕೂರುತ್ತದೆ, ಆದರೆ ಹಿಡಿತ ಭದ್ರವಲ್ಲ. 5/16 ಇಂಚಿನಲ್ಲಿ ಬಿಎಸ್‌ಎಫ್ 22, ಯುಎನ್‌ಎಫ್ 24. ಡ್ಯಾಶ್‌ಬೋರ್ಡಿನ ಸಣ್ಣ ಸ್ಕ್ರೂಗಳಲ್ಲಿ ಗೊಂದಲ ಇನ್ನೂ ಜಾಸ್ತಿ. ಬ್ರಿಟಿಷ್ ಸಣ್ಣ ಸ್ಕ್ರೂ ಪದ್ಧತಿಯ 2 ಬಿಎ 4.7 ಮಿ.ಮೀ., 10-32 ಯುಎನ್‌ಎಫ್ 4.83 ಮಿ.ಮೀ., ಮೆಟ್ರಿಕ್ಕಿನ ಎಂ5 ಸರಿಯಾಗಿ 5 ಮಿ.ಮೀ.; ಮೂರರ ಪಿಚ್ಚೂ (ಒಂದು ಥ್ರೆಡ್ಡಿನಿಂದ ಮುಂದಿನದಕ್ಕೆ ಇರುವ ದೂರ) 0.8 ಮಿ.ಮೀ. ಆಸುಪಾಸು. ಕಣ್ಣಿಗೆ ಮೂರೂ ಒಂದೇ ತಾಯಿಯ ಮಕ್ಕಳು.

ಬ್ರಿಟನ್, ಅಮೆರಿಕ, ಕೆನಡಾ ಯುನಿಫೈಡ್ ಥ್ರೆಡ್ ಒಪ್ಪಿಕೊಂಡದ್ದು 1948ರಲ್ಲಿ. ಕಾರ್ಖಾನೆಗಳು ರಾತ್ರೋರಾತ್ರಿ ಬದಲಾಗಲಿಲ್ಲ. ಹಾಗಾಗಿ 1950ರ ದಶಕದ ಒಂದೇ ಕಾರಿನಲ್ಲಿ ಎರಡೂ ಪದ್ಧತಿ ಸಿಕ್ಕರೆ ಅದನ್ನು ಹಿಂದಿನ ಮೆಕ್ಯಾನಿಕ್ಕಿನ ತಲೆಗೆ ಕಟ್ಟಬೇಡಿ. ಬೋಲ್ಟಿನ ತಲೆಯ ಮೇಲೆ ದುಂಡನೆಯ ಗುಳಿಯೋ, ಆರು ಮುಖಗಳಲ್ಲೊಂದರ ಮೇಲೆ ಒಂದಕ್ಕೊಂದು ತಾಗಿದ ವೃತ್ತಗಳೋ ಇದ್ದರೆ ಅದು ಯುನಿಫೈಡ್. ಗುರುತಿಲ್ಲದಿದ್ದರೆ ಅಳೆಯಲೇಬೇಕು.

ವೈರ್ ಬ್ರಶ್‌ನಿಂದ ಥ್ರೆಡ್ಡನ್ನು ಚೊಕ್ಕ ಮಾಡಿ, ವರ್ನಿಯರ್‌ನಲ್ಲಿ ಹೊರ ವ್ಯಾಸ ಅಳೆಯಿರಿ. ಅಳತೆ ಯಾವಾಗಲೂ ಹೆಸರಿಗಿಂತ ಒಂದು ಕೂದಲೆಳೆ ಕಡಿಮೆಯೇ ಬರುತ್ತದೆ. 6.2 ಮಿ.ಮೀ. ಬಂದರೆ ಅದು 6.35ರ ಕಾಲಿಂಚು, 5.9 ಬಂದರೆ ಎಂ6. ಆಮೇಲೆ ಥ್ರೆಡ್ ಗೇಜಿನ (ಬೇರೆ ಬೇರೆ ಅಳತೆಯ ಹಲ್ಲಿರುವ ತಗಡಿನ ಎಲೆಗಳ ಗೊಂಚಲು) ಎಲೆಯನ್ನು ಥ್ರೆಡ್ಡಿಗೆ ಒತ್ತಿ ಬೆಳಕಿಗೆ ಹಿಡಿಯಿರಿ. ಎಲೆಯ ಹಲ್ಲಿಗೂ ಥ್ರೆಡ್ಡಿಗೂ ನಡುವೆ ಎಲ್ಲೂ ಬೆಳಕು ಇಣುಕಬಾರದು. ಮೂರು ಹಲ್ಲಿನವರೆಗೆ ಕೂತು ನಾಲ್ಕನೆಯದರಲ್ಲಿ ಏರಿ ನಿಂತರೆ ಆ ಎಲೆಯಲ್ಲ, ಪಕ್ಕದ್ದು. ಗೇಜ್ ಇಲ್ಲವೆಂದರೆ ಅರ್ಧ ಇಂಚಿನಲ್ಲಿ ಎಷ್ಟು ಥ್ರೆಡ್ ಎಂದು ಎಣಿಸಿ ಎರಡರಿಂದ ಗುಣಿಸಿ. ಆದರೆ 26, 28ರ ನಡುವೆ ತೀರ್ಪು ಕೊಡಲು ಎಣಿಕೆ ಸಾಲದು, ಅಲ್ಲಿ ಗೇಜೇ ಬೇಕು.

ಒಂದೇ ಬೋಲ್ಟ್ ನೋಡಿ ನಿರ್ಧರಿಸಬೇಡಿ, ಒಂದೇ ತಗಡಿನಿಂದ ನಾಲ್ಕಾರು ತೆಗೆದು ನೋಡಿ. ಬೋಲ್ಟ್ ಎಷ್ಟೋ ಸಲ ಬದಲಾಗಿರುತ್ತದೆ. ಬಾಡಿಗೆ ಬೆಸುಗೆ ಹಾಕಿದ ನಟ್ ಕಾರ್ಖಾನೆಯಿಂದ ಬಂದದ್ದು, ಅದರ ಸಾಕ್ಷಿಯನ್ನೇ ನಂಬಿ. ಅದರಲ್ಲಿ ಬಣ್ಣ, ತುಕ್ಕು ಕೂತಿದ್ದರೆ ಇದ್ದ ಥ್ರೆಡ್ಡನ್ನು ಚೊಕ್ಕ ಮಾಡುವ ಥ್ರೆಡ್ ಚೇಸರ್ ಓಡಿಸಿ, ಹೊಸ ಥ್ರೆಡ್ ಕತ್ತರಿಸುವ ಟ್ಯಾಪ್ ಬೇಡ. ತಪ್ಪು ಅಳತೆಯ ಟ್ಯಾಪ್ ಒಮ್ಮೆ ಓಡಿತೆಂದರೆ ಇದ್ದ ಸಾಕ್ಷಿಯೂ ಹೋಯಿತು. ಸರಿಯಾದ ಬೋಲ್ಟ್ ಐದಾರು ಸುತ್ತು ಬರೀ ಬೆರಳಲ್ಲೇ ಹೋಗಬೇಕು.

ಪ್ರಶ್ನೆ: ಬಾಗಿಲ ಕಂಬದೊಳಗಿನ ಕೇಜ್ ನಟ್ ಬೋಲ್ಟಿನ ಜೊತೆಗೇ ಗಿರಗಿರ ತಿರುಗುತ್ತಿದೆ. ಒಳಗೆ ಕೈ ಹೋಗುವುದಿಲ್ಲ. ಬಿಚ್ಚುವುದು ಹೇಗೆ, ಬದಲಿಗೆ ಏನು ಹಾಕಬೇಕು?

ಉತ್ತರ: ಕೇಜ್ ನಟ್ ಎಂದರೆ ತಗಡಿನ ಪಂಜರದೊಳಗೆ ಕೂತ ನಟ್; ಆ ಪಂಜರದ ತಗಡು ತುಕ್ಕಿನಿಂದ ಬಾಯಿ ಬಿಟ್ಟಿದೆ. ಬೋಲ್ಟಿನ ತಲೆಯ ಅಡಿಗೆ ಚಪ್ಪಟೆ ಸನ್ನೆ ತೂರಿಸಿ ಹೊರಕ್ಕೆ ಎಳೆದು ಹಿಡಿದುಕೊಂಡು ನಿಧಾನಕ್ಕೆ ತಿರುಗಿಸಿ. ನಟ್ ತಗಡಿಗೆ ಒತ್ತಿಕೊಂಡು ಬಹಳ ಸಲ ನಿಲ್ಲುತ್ತದೆ. ನಿಲ್ಲದಿದ್ದರೆ ತಲೆಯ ನಟ್ಟನಡುವೆ ಪಂಚ್ ಹೊಡೆದು, ಮೊದಲು ಸಣ್ಣ ಬಿಟ್, ಕೊನೆಗೆ ಬೋಲ್ಟಿನಷ್ಟೇ ದಪ್ಪದ ಬಿಟ್ ಹಾಕಿ ಕೊರೆಯಿರಿ. ತಲೆ ಉಂಗುರದಂತೆ ಕಳಚಿ ಬರುತ್ತದೆ. ಉಳಿದ ತುಂಡು ಕಂಬದೊಳಗೆ ಬಿದ್ದರೆ ಆಯಸ್ಕಾಂತ ಹಾಕಿ ತೆಗೆಯಿರಿ, ಇಲ್ಲದಿದ್ದರೆ ಬಾಗಿಲು ಹಾಕಿದಾಗಲೆಲ್ಲ ಗಡಗಡ ಎನ್ನುತ್ತಿರುತ್ತದೆ.

ಹೊಸ ಕೇಜ್ ನಟ್ ಕೊಳ್ಳಲು ಮೂರು ಅಳತೆ ಬೇಕು: ಚೌಕ ತೂತಿನ ಬದಿ, ತಗಡಿನ ದಪ್ಪ, ಥ್ರೆಡ್. ಮಧ್ಯದ್ದನ್ನು ಜನ ಮರೆಯುತ್ತಾರೆ. 2 ಮಿ.ಮೀ. ತಗಡಿಗೆಂದು ಮಾಡಿದ ಪಂಜರ 1 ಮಿ.ಮೀ. ತಗಡಿನಲ್ಲಿ ಸಡಿಲವಾಗಿ ಕೂತು ಮತ್ತೆ ತಿರುಗುತ್ತದೆ. ತಗಡಿನ ದಪ್ಪ ಅಳೆಯುವಾಗ ಬಣ್ಣ, ಪುಟ್ಟಿ ಕೆರೆದು ಅಳೆಯಿರಿ. ನಟ್ ಪಂಜರದೊಳಗೆ ಸ್ವಲ್ಪ ಅಲುಗಾಡುವುದು ದೋಷವಲ್ಲ, ಬೇಕೆಂದೇ ಬಿಟ್ಟ ಜಾಗ. ಬಾಗಿಲಿನ ಸಂದು ಸರಿಹೊಂದಿಸಲು ಆ ಆಟ ಬೇಕು. ಆದ್ದರಿಂದ ನಟ್ಟನ್ನು ತಗಡಿಗೇ ಬೆಸೆದುಬಿಡಬೇಡಿ.

ಕೈ ಹೋಗದ ಕಡೆ, ನಟ್‌ಗಳನ್ನು ಒಂದು ಉಕ್ಕಿನ ಪಟ್ಟಿಗೆ ಬೆಸೆದು, ಆ ಪಟ್ಟಿಯನ್ನು ಹತ್ತಿರದ ದೊಡ್ಡ ತೂತಿನಿಂದ ಒಳಗಿಳಿಸಿ. ಬೋಲ್ಟ್ ತೂತಿನಿಂದ ಮೊದಲೇ ಹಾಯಿಸಿ ನಟ್ಟಿಗೆ ಕಟ್ಟಿಟ್ಟ ತಂತಿಯನ್ನು ಎಳೆದರೆ ಅದು ತಾನಾಗಿ ಜಾಗಕ್ಕೆ ಬರುತ್ತದೆ. ತೂತಿಗೆ ಹೊರಗಿನಿಂದಲೇ ರಿವೆಟ್ಟಿನಂತೆ ಕೂರಿಸುವ ರಿವೆಟ್ ನಟ್ ಸುಲಭ, ನಿಜ. ಗ್ರಿಲ್ಲಿಗೆ, ಬೀಡಿಂಗಿಗೆ (ಬಾಡಿಯ ಮೇಲಿನ ಅಲಂಕಾರದ ಪಟ್ಟಿ) ಸಾಕು. ಬಾಗಿಲ ಹಿಂಜಿಗೆ ಬೇಡ.

ಪ್ರಶ್ನೆ: ಎಲ್ಲ ಬೋಲ್ಟುಗಳನ್ನೂ ಸ್ಟೇನ್‌ಲೆಸ್ ಮಾಡಿಸಿಬಿಟ್ಟರೆ ಮತ್ತೆ ತುಕ್ಕಿನ ಚಿಂತೆ ಇರುವುದಿಲ್ಲ ಅಲ್ಲವೇ?

ಉತ್ತರ: ತುಕ್ಕಿನ ಚಿಂತೆ ಹೋಗಿ ಬೇರೆ ಚಿಂತೆ ಬರುತ್ತದೆ. ಅಂಗಡಿಯಲ್ಲಿ ಸಿಗುವ ಎ2-70 ಸ್ಟೇನ್‌ಲೆಸ್ಸಿನ ಎಳೆತದ ಬಲ 700 ಮೆಗಾಪಾಸ್ಕಲ್. ತಲೆಯ ಮೇಲೆ 8.8 ಎಂದು ಒತ್ತಿದ ಮಾಮೂಲಿ ಉಕ್ಕಿನ ಬೋಲ್ಟಿನದು 800, 10.9ರದು 1000. ಇಂಚಿನ ಬೋಲ್ಟಾದರೆ ತಲೆಯ ಮೇಲಿನ ಗೆರೆ ನೋಡಿ: ಮೂರು ಗೆರೆ ಗ್ರೇಡ್ 5, ಆರು ಗೆರೆ ಗ್ರೇಡ್ 8. ಹಿಂಜು, ಬಾಗಿಲ ಸ್ಟ್ರೈಕರ್ (ಬಾಗಿಲ ಲಾಕು ಕಚ್ಚಿಕೊಳ್ಳುವ ಕೊಂಡಿ), ಸೀಟು ಇವಕ್ಕೆ ಮೂಲದ ಗ್ರೇಡೇ ಇರಲಿ. ಸೀಟ್ ಬೆಲ್ಟಿನ ವಿಷಯದಲ್ಲಿ ರಾಜಿಯೇ ಬೇಡ. ಬಹುತೇಕ ಕಾರುಗಳಲ್ಲಿ ಅದು 7/16 ಇಂಚು, 20 ಥ್ರೆಡ್ಡಿನ ಯುಎನ್‌ಎಫ್. ಬೆಲ್ಟಿಗೆಂದೇ ಮಾಡಿದ, ಭುಜ ಇರುವ ಬೋಲ್ಟನ್ನೇ ಹಾಕಿ.

ಸ್ಟೇನ್‌ಲೆಸ್ ನಟ್ ಸ್ಟೇನ್‌ಲೆಸ್ ಬೋಲ್ಟಿಗೆ ಒಣಗಿದ್ದಾಗ ಬಿಗಿದರೆ ಬೆಸುಗೆ ಹಾಕಿದಂತೆ ಕಚ್ಚಿಕೊಳ್ಳುತ್ತದೆ, ಆಮೇಲೆ ಕತ್ತರಿಸಿಯೇ ತೆಗೆಯಬೇಕು. ಆಂಟಿ-ಸೀಜ್ ಪೇಸ್ಟ್ ಹಚ್ಚಿ, ನಿಧಾನವಾಗಿ ಕೈಯಲ್ಲೇ ಬಿಗಿಯಿರಿ. ಅಲ್ಯೂಮಿನಿಯಂ ತಗಡಿಗೆ ನೇರವಾಗಿ ತಾಗಿದರೆ, ನೀರು ಸೇರಿದ ಕಡೆ ಸವೆಯುವುದು ಅಲ್ಯೂಮಿನಿಯಮ್ಮೇ. ತೂತಿನ ಸುತ್ತ ಬಿಳಿ ಪುಡಿ ಎದ್ದು ಬಣ್ಣ ಉಬ್ಬುತ್ತದೆ. ನಡುವೆ ನೈಲಾನ್ ವಾಷರ್ ಹಾಕಿ. ನಂಬರ್ ಪ್ಲೇಟು, ಒಳಗಿನ ಟ್ರಿಮ್, ದೀಪದ ಉಂಗುರ ಇಂಥವಕ್ಕೆ ಸ್ಟೇನ್‌ಲೆಸ್ ಧಾರಾಳವಾಗಿ ಹಾಕಿ.

ಪ್ರಶ್ನೆ: ಬೀಡಿಂಗಿನ ಹಳೇ ಸ್ಪ್ರಿಂಗ್ ಕ್ಲಿಪ್ಪುಗಳನ್ನು ಆ್ಯಸಿಡ್ಡಿನಲ್ಲಿ ತೊಳೆಸಿ ಜಿಂಕ್ ಲೇಪ ಮಾಡಿಸಿದೆ. ಹೊಸದರಂತೆ ಹೊಳೆಯುತ್ತಿದ್ದವು. ಹಾಕುವಾಗ ಅರ್ಧದಷ್ಟು ಪಟಪಟನೆ ಮುರಿದವು.

ಉತ್ತರ: ಮುರಿದದ್ದಕ್ಕೆ ಹಳತಾದದ್ದು ಕಾರಣವಲ್ಲ. ಆ್ಯಸಿಡ್ ತೊಳೆತದಲ್ಲೂ ವಿದ್ಯುತ್ ಲೇಪನದಲ್ಲೂ ಹೈಡ್ರೋಜನ್ ಉಕ್ಕಿನೊಳಗೆ ಸೇರುತ್ತದೆ. ಗಟ್ಟಿ ಉಕ್ಕು ಅದರಿಂದ ಬಿರುಸಾಗಿ, ಬಾಗುವ ಬದಲು ಮುರಿಯುತ್ತದೆ. ಲೇಪನವಾದ ನಾಲ್ಕು ಗಂಟೆಯೊಳಗೆ 190ರಿಂದ 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಲವು ಗಂಟೆ ಕಾಯಿಸಿದರೆ ಹೈಡ್ರೋಜನ್ ಹೊರಹೋಗುತ್ತದೆ. ಲೇಪನದವರಿಗೆ ಮೊದಲೇ ಹೇಳದಿದ್ದರೆ ಅವರು ಮಾಡುವುದಿಲ್ಲ. 10.9 ಮತ್ತು ಅದಕ್ಕೂ ಮೇಲಿನ ಬೋಲ್ಟುಗಳಿಗೂ ಇದೇ ಮಾತು. ಕ್ಲಿಪ್ಪುಗಳಿಗೆ ಲೇಪವೇ ಬೇಡ ಎನ್ನುವುದು ನಮ್ಮ ಅಭಿಪ್ರಾಯ. ವೈರ್ ಬ್ರಶ್ಶಿನಲ್ಲಿ ಉಜ್ಜಿ, ತೆಳುವಾಗಿ ಬಣ್ಣ ಕೊಟ್ಟು, ಹಾಕುವಾಗ ಮೇಣದಂಥ ತುಕ್ಕುನಿರೋಧಕದಲ್ಲಿ ಅದ್ದಿ. ಹೊಸ ಕ್ಲಿಪ್ ಹುಡುಕುವಾಗ ಬೀಡಿಂಗಿನ ಒಳ ಅಗಲ ಮತ್ತು ಬಾಡಿಯ ತೂತಿನ ವ್ಯಾಸ ಎರಡೂ ಕೊಡಿ. ಲೇಪವಾದ ಕ್ಲಿಪ್ಪುಗಳಲ್ಲಿ ಮುರಿಯದೆ ಉಳಿದವನ್ನೂ ಬಳಸಬೇಡಿ.

ಪ್ರಶ್ನೆ: ಬಾಗಿಲ ಹಿಡಿಕೆ ಮತ್ತು ಲಾಕು ನನ್ನ ಮಾಡೆಲ್ಲಿನ ಹೆಸರಲ್ಲಿ ಎಲ್ಲೂ ಸಿಗುತ್ತಿಲ್ಲ.

ಉತ್ತರ: ಮಾಡೆಲ್ಲಿನ ಹೆಸರು ಬಿಡಿ, ಭಾಗದ ಮೇಲಿನ ಅಂಕಿ ಹಿಡಿಯಿರಿ. ಲಾಕು, ಹಿಡಿಕೆ, ದೀಪಗಳನ್ನು ಕಾರಿನ ಕಂಪನಿಗಳು ಹೊರಗಿನಿಂದ ತರಿಸುತ್ತಿದ್ದದ್ದೇ ಹೆಚ್ಚು. ಬ್ರಿಟನ್ನಿನಲ್ಲಿ ವಿಲ್ಮಟ್ ಬ್ರೀಡನ್ ಹಲವು ಕಂಪನಿಗಳಿಗೆ ಲಾಕು, ಹಿಡಿಕೆ ಮಾಡುತ್ತಿತ್ತು. ನಿಮ್ಮ ಹಿಡಿಕೆ ಬೇರೊಂದು ಹೆಸರಿನ ವ್ಯಾನಿನಲ್ಲಿ ಇದ್ದೀತು. ಬಿಚ್ಚಿ ತಿರುಗಿಸಿದರೆ ಒಳಮೈಯಲ್ಲಿ ಎರಕದ ಅಂಕಿ ಕಾಣುತ್ತದೆ. ಮಣ್ಣು ತೆಗೆದು ಸೀಮೆಸುಣ್ಣ ಉಜ್ಜಿದರೆ ಓದಬಹುದು. ಜೊತೆಗೆ ಎರಡು ಸ್ಟಡ್‌ಗಳ ನಡುವಿನ ದೂರ, ಹಿಡಿಕೆಯಿಂದ ಲಾಕಿಗೆ ಹೋಗುವ ಚೌಕ ಕಡ್ಡಿಯ ದಪ್ಪ ಮತ್ತು ಉದ್ದ ಬರೆದಿಡಿ. ಎಡ ಬಲ ಎಂದು ಬರೆಯುವಾಗ ಕಾರಿನಲ್ಲಿ ಕೂತು ಮುಂದೆ ನೋಡುವವರ ಎಡ ಬಲ ಎಂದೇ ಬರೆಯಿರಿ.

ಹಿಡಿಕೆ ಸತುವಿನ ಎರಕವಾಗಿದ್ದರೆ ಕ್ರೋಮಿನಡಿ ಗುಳ್ಳೆ ಎದ್ದಿರುತ್ತವೆ. ಗುಳ್ಳೆ ಆಳವಿಲ್ಲದಿದ್ದರೆ ಕೊರೆದು, ತಾಮ್ರ ತುಂಬಿ, ನಯ ಮಾಡಿ ಮತ್ತೆ ಕ್ರೋಮ್ ಹಾಕಬಹುದು. ತುಕ್ಕು ತೆಗೆಯುವ ಆ್ಯಸಿಡ್ಡಿಗೆ ಮಾತ್ರ ಅದ್ದಬೇಡಿ, ಸತುವು ಕರಗಿಯೇ ಹೋಗುತ್ತದೆ.

ಪ್ರಶ್ನೆ: ಜಪಾನೀ ಹಳೇ ಕಾರಿಗೆ ಮಾಮೂಲಿ ಮೆಟ್ರಿಕ್ ಬೋಲ್ಟ್ ಸಾಕಲ್ಲವೇ?

ಉತ್ತರ: ಎಂ6, ಎಂ8ಕ್ಕೆ ಥ್ರೆಡ್ ಹೊಂದುತ್ತದೆ. ಎಂ10ರಲ್ಲಿ ಎಚ್ಚರ: ಜಪಾನೀ ಕಾರಿನಲ್ಲಿ ಪಿಚ್ ಸಾಮಾನ್ಯವಾಗಿ 1.25, ಅಂಗಡಿಯ ಮಾಮೂಲಿ ಬೋಲ್ಟಿನದು 1.5. ತಲೆಯೂ ಬೇರೆ. ಎಂ8ಕ್ಕೆ 13ರ ಬದಲು 12, ಎಂ10ಕ್ಕೆ 16 ಅಥವಾ 17ರ ಬದಲು 14ರ ಸ್ಪ್ಯಾನರ್ ಹಿಡಿಯುತ್ತದೆ. ಪ್ಲಸ್ ಸ್ಕ್ರೂವಿನ ತಲೆಯಲ್ಲಿ ಚಿಕ್ಕ ಚುಕ್ಕಿಯಿದ್ದರೆ ಜಪಾನೀ ಮಾನದ ಸ್ಕ್ರೂಡ್ರೈವರ್ ಬಳಸಿ. ಫಿಲಿಪ್ಸ್ ಹಾಕಿದರೆ ಜಾರಿ ಗುಂಡಿಯನ್ನೇ ತಿಂದುಹಾಕುತ್ತದೆ.