40 ನಿಮಿಷದ ಪಿರಿಯಡ್‌ನಲ್ಲಿ ಸಿನಿಮಾ ತೋರಿಸಿ ಕನ್ನಡ ಪಾಠ ಮಾಡುವುದು ಹೇಗೆ?

ಹಾವೇರಿ ಜಿಲ್ಲೆಯ ಪ್ರೌಢಶಾಲೆ, 40 ನಿಮಿಷದ ಪಿರಿಯಡ್ ಅಂದಿದ್ದೀರಿ. ಹಾಗಿದ್ದರೆ ಇಡೀ ಸಿನಿಮಾ ಬೇಡವೇ ಬೇಡ. ಐದಾರು ನಿಮಿಷದ ಒಂದು ದೃಶ್ಯ ಸಾಕು.

ಶರೀಫರ ತತ್ವಪದ ಕಲಿಸುವಾಗ ಟಿ. ಎಸ್. ನಾಗಾಭರಣ ಅವರ ‘ಸಂತ ಶಿಶುನಾಳ ಶರೀಫ’ (1990) ಚೆನ್ನಾಗಿ ಒದಗುತ್ತದೆ. ಶರೀಫರಾಗಿ ಶ್ರೀಧರ್, ಗುರು ಗೋವಿಂದ ಭಟ್ಟರಾಗಿ ಗಿರೀಶ ಕಾರ್ನಾಡ. ಶಿಶುನಾಳ ನಿಮ್ಮದೇ ಜಿಲ್ಲೆಯ ಊರು, ಮಕ್ಕಳಿಗೆ ಹೆಸರು ಗೊತ್ತಿರುತ್ತದೆ, ಅಲ್ವಾ? ಮೊದಲು ಪದ ಓದಿಸಿ. ಆಮೇಲೆ ಗುರು-ಶಿಷ್ಯರ ಒಂದು ದೃಶ್ಯವನ್ನು ಧ್ವನಿ ಬಂದ್ ಮಾಡಿ ತೋರಿಸಿ. ಯಾರು ಎಲ್ಲಿ ಕೂತಿದ್ದಾರೆ, ಉಳಿದವರ ಮುಖ ಹೇಗಿದೆ ಎಂದು ಬರೆಯಲಿ. ಎರಡನೇ ಸಲ ಧ್ವನಿ ಹಚ್ಚಿ. ಮಾತು ಕೇಳಿದ ಮೇಲೆ ಊಹೆ ಎಲ್ಲಿ ಬದಲಾಯಿತು ಅಂತ ಕೇಳಿ. ಸುಮ್ನೆ ಕೂರುವ ಹಿಂದಿನ ಬೆಂಚಿನವರೂ ಬಾಯಿ ಬಿಡುತ್ತಾರೆ.

ಶರೀಫರು ಬದುಕಿದ್ದು 1819ರಿಂದ 1889. ಸಿನಿಮಾ ಬಂದದ್ದು ಅವರು ಹೋಗಿ ನೂರು ವರ್ಷ ದಾಟಿದ ಮೇಲೆ. ಅದರ ಸಂಭಾಷಣೆ ದಾಖಲೆಯಲ್ಲ ಎಂದು ಮೊದಲೇ ಹೇಳಿ. ಇಲ್ಲದಿದ್ದರೆ ಪರೀಕ್ಷೆಯಲ್ಲಿ ಸಿನಿಮಾದ ಮಾತೇ ಉತ್ತರವಾಗಿ ಬರುತ್ತದೆ!

ಕಾಪಿರೈಟ್ ಬಗ್ಗೆ ಜಾಸ್ತಿ ಹೆದರಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ, ಶಾಲೆಯ ಚಟುವಟಿಕೆಯಾಗಿ ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರಿಗೆ ತೋರಿಸಲು ಅವಕಾಶ ಕೊಡುತ್ತದೆ. ಟಿಕೆಟ್ ಇಟ್ಟು ಊರಿಗೆಲ್ಲ ತೋರಿಸುವುದು ಬೇರೆ ಮಾತು.

ಪ್ರೊಜೆಕ್ಟರ್ ಇಲ್ಲದಿದ್ದರೆ ಟಿವಿ ನಡೆಯುತ್ತದೆ. ದೃಶ್ಯ ಎಷ್ಟನೇ ನಿಮಿಷದಲ್ಲಿದೆ ಎಂದು ಮಾತ್ರ ಬರೆದಿಟ್ಟುಕೊಂಡು ಹೋಗಿ. ಹುಡುಕುತ್ತಾ ಕೂತರೆ ಅಷ್ಟರಲ್ಲೇ ಗಂಟೆ ಹೊಡೆಯುತ್ತದೆ.