ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಥರದ ಆಟಕ್ಕೆ ಸಣ್ಣ ಫ್ಯಾಂಟಸಿ ಊರು ಕಟ್ಟುವಾಗ ಮೊದಲು ನಕ್ಷೆ ಬರೆಯಬೇಕಾ, ಜನಸಂಖ್ಯೆ ಎಷ್ಟಿರಬೇಕು?

ಎರಡನ್ನೂ ಆಮೇಲೆ ನೋಡಿಕೊಳ್ಳಿ. ನಾನೂ ಇಲ್ಲಿಂದಲೇ ಶುರು ಮಾಡಿದ್ದೆ. ಈ ಆಟದಲ್ಲಿ ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ದಾಳ ಉರುಳಿಸಿ ಆಡುತ್ತಾರೆ; ನಮ್ಮ ಗುಂಪಿನಲ್ಲಿ ಕಥೆ ನಡೆಸುವುದು ನಾನು. ಕಥೆ ನಡೆಸುವವರ ಕೈಪಿಡಿಯಾದ 2014ರ ಡಂಜನ್ ಮಾಸ್ಟರ್ಸ್ ಗೈಡ್ ಪ್ರಕಾರ ಸುಮಾರು 1,000 ಜನದವರೆಗೆ ಹಳ್ಳಿ, 6,000ದವರೆಗೆ ಪಟ್ಟಣ. ಅದರ ಮಧ್ಯೆ ಒಂದು ಸಂಖ್ಯೆ ಹಿಡಿದುಕೊಂಡು ಬೀದಿ, ಗಿರಣಿ, ಗುಡಿ, ಕಮ್ಮಾರನ ಮನೆ ಅಂತ ರಾತ್ರಿಯೆಲ್ಲ ಕೂತು ಬರೆದೆ. ಆ ಸಂಖ್ಯೆಯನ್ನು ಯಾವ ಆಟಗಾರನೂ ಕೇಳಲಿಲ್ಲ.

ಆಟ ಕೆಟ್ಟಿದ್ದು ನಕ್ಷೆಯಿಂದಲ್ಲ, ಛತ್ರದ ಯಜಮಾನನಿಂದ. ಅವನು ನನ್ನ ಮುದ್ದಿನ ಪಾತ್ರ. ಒಂದು ಕಾಲದ ದೊಡ್ಡ ವೀರ, ಈಗ ನಿವೃತ್ತಿಯಾಗಿ ಛತ್ರ ನಡೆಸುತ್ತಿದ್ದಾನೆ, ಹತ್ತನೇ ಲೆವೆಲ್ ಫೈಟರ್, ಅಂದರೆ ಭಾರೀ ಬಲದ ಯೋಧ. ಆಟಗಾರರ ಪಾತ್ರಗಳು ಇನ್ನೂ ಒಂದನೇ ಲೆವೆಲ್, ಹೊಸಬರು. ಕಾಡಿನ ಗಾಬ್ಲಿನ್‌ಗಳು (ಸಣ್ಣ ದುಷ್ಟ ಜೀವಿಗಳು) ಧಾನ್ಯದ ಗಾಡಿ ದೋಚುತ್ತಿವೆ, ನೀವೇ ಕಾಪಾಡಬೇಕು ಅಂತ ಅವನ ಬಾಯಲ್ಲೇ ಹೇಳಿಸಿದೆ. ತಕ್ಷಣ ಒಬ್ಬಳು ಕೇಳಿದಳು, "ಇವನೇ ಯಾಕೆ ಹೋಗಬಾರದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಮ್ನೆ ಒಪ್ಪಿಕೊಂಡು ಮುಂದೆ ಹೋಗಬಹುದಿತ್ತು. ಅದು ಬಿಟ್ಟು, ಅವನಿಗೆ ಕಾಲು ನೋವು ಅಂದೆ. ಕ್ಲೆರಿಕ್ (ಮಂತ್ರದಿಂದ ವಾಸಿ ಮಾಡಬಲ್ಲ ಪೂಜಾರಿ ಪಾತ್ರ) ಆಡುತ್ತಿದ್ದವನು ಮಂತ್ರ ಹಾಕಿ ವಾಸಿ ಮಾಡುತ್ತೇನೆ ಅಂದ. ಬೇಡ ಅನ್ನಲು ಮುಖ ಇಲ್ಲದೆ ಹೂಂ ಅಂದೆ. ಸರಿ, ಈಗ ಬಾರಪ್ಪ ನಮ್ಮ ಜೊತೆ ಅಂತ ಅವನನ್ನು ಕರೆದುಕೊಂಡೇ ಹೊರಟರು. ಲೆಕ್ಕ ನೋಡಿ: ಆಟದ ಐದನೇ ಆವೃತ್ತಿಯ 2014ರ ನಿಯಮಗಳಲ್ಲಿ ಆ ಲೆವೆಲ್‌ನ ಫೈಟರ್ ಪ್ರತಿ ಸರದಿಗೆ ಎರಡು ಏಟು ಹಾಕುತ್ತಾನೆ, ಸಾದಾ ಗಾಬ್ಲಿನ್‌ಗೆ ಇರುವುದು 7 ಹಿಟ್ ಪಾಯಿಂಟ್, ಅಂದರೆ ಅಷ್ಟು ಪೆಟ್ಟು ಬಿದ್ದರೆ ಅದರ ಕಥೆ ಮುಗಿಯಿತು. ಒಂದು ಏಟಿಗೆ ಒಂದು ಗಾಬ್ಲಿನ್ ಬೀಳುತ್ತಿತ್ತು. ಗಾಬ್ಲಿನ್ ಕಡೆಗೂ ನಾನೇ ದಾಳ ಉರುಳಿಸುವುದು, ವೀರನ ಕಡೆಗೂ ನಾನೇ. ಉಳಿದವರು ಫೋನ್ ನೋಡುತ್ತಾ ಕೂತರು. ಆಮೇಲೆ ಊರಲ್ಲಿ ಏನೇ ಸಮಸ್ಯೆ ಬಂದರೂ "ಯಜಮಾನರಿಗೆ ಹೇಳೋಣ" ಅನ್ನುವುದೇ ಉತ್ತರ. ಅವನನ್ನು ಸಾಯಿಸೋಣ ಅಂದರೆ ಎಲ್ಲರಿಗೂ ಅವನೆಂದರೆ ಇಷ್ಟ! ಆ ಕ್ಯಾಂಪೇನ್ (ಹಲವು ಸಲ ಕೂತು ಆಡುವ ಒಂದೇ ಕಥೆ) ಹಾಗೇ ನಿಂತುಹೋಯಿತು.

ಯಜಮಾನ ಒಬ್ಬನೇ ಆಗಿದ್ದರೆ ಹೇಗೋ ನಿಭಾಯಿಸಬಹುದಿತ್ತೇನೋ. ಆದರೆ ನನ್ನ ಗುಡಿಯ ಪೂಜಾರಿ ಎಲ್ಲ ಗಾಯ ವಾಸಿ ಮಾಡಬಲ್ಲವಳು, ಕಾವಲುಗಾರರ ನಾಯಕ ನಿಷ್ಠಾವಂತ, ಕಮ್ಮಾರನ ಬಳಿ ಎಲ್ಲ ಆಯುಧವೂ ಇತ್ತು. ಊರು ತನ್ನ ಪಾಡಿಗೆ ಚೆನ್ನಾಗಿತ್ತು. ಹೊರಗಿನಿಂದ ಬಂದವರಿಗೆ ಅಲ್ಲಿ ಏನು ಕೆಲಸ, ಹೇಳಿ?

ಹಾಗಾಗಿ ಊರಲ್ಲಿ ಏನೇನಿದೆ ಅಂತ ಬರೆಯಬೇಡಿ, ಏನಿಲ್ಲ ಅಂತ ಬರೆಯಿರಿ. ವೈದ್ಯ ಇಲ್ಲ. ಸೇತುವೆ ಮುರಿದಿದೆ, ಸರಿ ಮಾಡಬಲ್ಲ ಬಡಗಿಗೂ ಊರ ಮುಖ್ಯಸ್ಥೆಗೂ ಮಾತಿಲ್ಲ. ಕಾವಲಿಗೆ ಇರುವುದು ಮುದುಕ ಒಬ್ಬ, ಒಂದು ನಾಯಿ. ಇಷ್ಟಿದ್ದರೆ ಮೊದಲ ಸೆಷನ್‌ಗೆ ಜಾಸ್ತಿಯೇ ಆಯಿತು. ಮುಖ್ಯಸ್ಥೆಗೆ ಬಡಗಿಯಿಂದ ಏನು ಬೇಕು, ಬಡಗಿ ಯಾಕೆ ಕೊಡುತ್ತಿಲ್ಲ, ಇದು ಗೊತ್ತಿದ್ದರೆ ಸಂಭಾಷಣೆ ತಾನಾಗಿಯೇ ಬರುತ್ತದೆ. ನಕ್ಷೆಯನ್ನು ಆಟಗಾರರು ದಾರಿ ಕೇಳಿದಾಗ ಅಲ್ಲೇ ಗೀಚಿದರೂ ನಡೆಯುತ್ತದೆ.

ಬಲಶಾಲಿ ಪಾತ್ರ ಬೇಕೇ ಬೇಕು ಅನ್ನುವವರು ಅವನನ್ನು ಬೇರೆ ಯಾವುದಾದರೂ ಕೆಲಸಕ್ಕೆ ಕಟ್ಟಿಹಾಕಿ. ಈ ಆಟವನ್ನು ರೂಪಿಸಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ 1979ರಲ್ಲಿ ಆಟಕ್ಕೆಂದು ಬರೆದು ಪ್ರಕಟಿಸಿದ ಹಾಮ್ಲೆಟ್ ಎಂಬ ಹಳ್ಳಿಯಲ್ಲೂ ಒಬ್ಬ ಮಾಂತ್ರಿಕ, ಒಬ್ಬ ಯೋಧ ಇದ್ದಾರೆ, ಆದರೆ ಅವರು ಅಲ್ಲಿ ಕೋಟೆ ಕಟ್ಟಿಸುವುದರಲ್ಲಿ ತೊಡಗಿದ್ದಾರೆ. ಕಾಲು ನೋವಿನ ನೆಪ ಮಾತ್ರ ಬೇಡ, ಕ್ಲೆರಿಕ್ ಇರುವ ಗುಂಪಿನಲ್ಲಂತೂ ಬೇಡವೇ ಬೇಡ.