ಕೋಕೋಸ್ ದ್ವೀಪದ ಫಿಂಚ್ ಯಾವ ಕುಟುಂಬದ್ದು?

ಪ್ರಶ್ನೆ: ಮಾಸ್ತರರೇ, ವಿಜ್ಞಾನಿ ಡಾರ್ವಿನ್ ಹೆಸರಿನ ಪುಟ್ಟ ಹಕ್ಕಿಗಳಾದ ಡಾರ್ವಿನ್ ಫಿಂಚ್‌ಗಳಲ್ಲಿ ಒಂದು ಮಾತ್ರ ಗ್ಯಾಲಪಗೋಸ್ ದ್ವೀಪಗಳನ್ನು ಬಿಟ್ಟು ಕೋಕೋಸ್ ದ್ವೀಪದಲ್ಲಿದೆಯಂತೆ. ಅದು ಯಾವ ಕುಟುಂಬದ್ದು? ನಮ್ಮ ಗದ್ದೆಗೆ ಬರುವ ರಾಟವಾಳಕ್ಕೆ ನೆಂಟನೇ? ನಮ್ಮ ಕರಾವಳಿಯ ಕೂರ್ಮಗಡ, ನೇತ್ರಾಣಿ ದ್ವೀಪಗಳಲ್ಲಿ ಅಂಥ ಸ್ವಂತ ಹಕ್ಕಿ ಯಾಕಿಲ್ಲ?
– ಓದುಗರೊಬ್ಬರು, ಶಿರಸಿ

ಉತ್ತರ: ನೆಂಟಸ್ತಿಕೆ ಹುಡುಕಿದರೆ ಸಿಕ್ಕೀತು, ಆದರೆ ಬಹಳ ದೂರದ್ದು ಮಾರಾಯ್ರೆ. ರಾಟವಾಳ ಎಸ್ಟ್ರಿಲ್ಡಿಡೇ ಕುಟುಂಬದ್ದು. ಚಳಿಗಾಲದಲ್ಲಿ ಘಟ್ಟದ ಕಡೆ ಬಂದುಹೋಗುವ ರೋಸ್‌ಫಿಂಚ್ ಇದೆಯಲ್ಲ, ಅದು ಫ್ರಿಂಜಿಲ್ಲಿಡೇ, ಅಸಲಿ ಫಿಂಚ್. ಕೋಕೋಸ್‌ನ ಹಕ್ಕಿ ಎರಡೂ ಅಲ್ಲ. ಅಮೆರಿಕ ಖಂಡಗಳ ಟ್ಯಾನೇಜರ್ ಎಂಬ ಹಕ್ಕಿಗಳ ಥ್ರಾಪಿಡೇ ಕುಟುಂಬಕ್ಕೆ ಸೇರಿದ್ದು. ಹಳೆಯ ಪುಸ್ತಕಗಳಲ್ಲಿ ಎಂಬೆರಿಜಿಡೇ ಎಂದಿರುತ್ತದೆ. ಮನೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳಿದ್ದರೆ ಅದನ್ನು ಹೊಡೆದುಹಾಕಿಸಿ.

ಕೊಕ್ಕು ನೋಡಿ ಕುಟುಂಬ ಹೇಳುವ ಕಾಲ ಹೋಯಿತು. ಕಾಳು ಒಡೆದು ತಿನ್ನುವ ಹಕ್ಕಿಗೆ, ಯಾವ ವಂಶದ್ದಾದರೂ, ದಪ್ಪ ಕೊಕ್ಕು ಬೆಳೆದೀತು. ಕೋಕೋಸ್ ಫಿಂಚಿನದಂತೂ ತೆಳ್ಳಗೆ, ಚೂಪಾಗಿ, ತುಸು ಕೆಳಕ್ಕೆ ಬಾಗಿದ ಕೊಕ್ಕು. ಗಂಡು ಕಪ್ಪು, ಹೆಣ್ಣು ಕಂದು ಗೀರುಗಳದ್ದು. 1843ರಲ್ಲಿ ಪಕ್ಷಿತಜ್ಞ ಜಾನ್ ಗೌಲ್ಡ್ ಇದನ್ನು ಕಳ್ಳಿ ಫಿಂಚ್‌ಗಳ ಸಾಲಿಗೆ ಸೇರಿಸಿದ್ದರು. ಈಗ ಇದರದೇ ಒಂದು ಕುಲ, ಪಿನರೊಲೊಕ್ಸಿಯಾಸ್. ಅದರಲ್ಲಿ ಇನೊರ್ನಾಟ ಎಂಬ ಇದೊಂದೇ ಪ್ರಭೇದ. ಡಿಎನ್ಎ ನೋಡಿದರೆ ಗ್ಯಾಲಪಗೋಸ್ ಫಿಂಚ್‌ಗಳದೇ ಒಂದು ಕವಲು. ಪೂರ್ವಜರು ಸುಮಾರು 700 ಕಿ.ಮೀ. ಕಡಲು ದಾಟಿ ಬಂದಿರಬೇಕು.

ಕೋಕೋಸ್ ಇರುವುದು ಪೆಸಿಫಿಕ್‌ನಲ್ಲಿ, ಕೋಸ್ಟರಿಕದ ದಡದಿಂದ ಸುಮಾರು 550 ಕಿ.ಮೀ. ಆಚೆ. ಇಡೀ ದ್ವೀಪ 24 ಚದರ ಕಿ.ಮೀ. ಮಳೆ ಮಾತ್ರ ವರ್ಷಕ್ಕೆ 5000 ಮಿ.ಮೀ. ಮೀರುತ್ತದೆ, ಕಾರವಾರದಲ್ಲಿ ನಾವು 3000ಕ್ಕೇ ಸೋತು ಕೊಡೆ ಹಿಡಿದವರು! ಒಳಗೆಲ್ಲ ದಟ್ಟ ಮಳೆಕಾಡು, ಅಂಚಿನಲ್ಲಿ ಹಳದಿ ಹೂವಿನ ದಾಸವಾಳದ ಮರಗಳ ಪೊದೆ. ಇದೇ ಮರ ನಮ್ಮ ಕಾಳಿ, ಅಘನಾಶಿನಿ ಹಿನ್ನೀರಿನ ಅಂಚಿನಲ್ಲೂ ಇದೆ: ಬೆಳಿಗ್ಗೆ ಹಳದಿ, ಸಂಜೆಗೆ ಕೆಂಪಗಾಗಿ ಉದುರುವ ಹೂವು. ಎಲೆ ಮಗುಚಿ ನೋಡಿ, ಬುಡದ ನರದ ಮೇಲೆ ಸಿಹಿ ಒಸರುವ ಪುಟ್ಟ ಸೀಳು ಕಾಣುತ್ತದೆ. ನಮ್ಮಲ್ಲಿ ಅದನ್ನು ಇರುವೆ ನೆಕ್ಕಿದರೆ, ಅಲ್ಲಿ ಫಿಂಚೂ ಹೀರುತ್ತದೆ.

ಹೀರುತ್ತದೆ ಎಂದೆ, ಆದರೆ ಎಲ್ಲವೂ ಅಲ್ಲ. ಟ್ರೇಸಿ ವರ್ನರ್, ಥಾಮಸ್ ಶೆರ್ರಿ ಎಂಬ ವಿಜ್ಞಾನಿಗಳು 1987ರಲ್ಲಿ ಪ್ರಕಟಿಸಿದ ಅಧ್ಯಯನದ ಸ್ವಾರಸ್ಯವೇ ಇದು. ಒಂದು ಹಕ್ಕಿ ದಿನವಿಡೀ ಎಲೆಯ ಮೇಲಿನ ಹುಳ ಹೆಕ್ಕುತ್ತದೆ, ಪಕ್ಕದ್ದು ಮಕರಂದಕ್ಕೇ ಅಂಟಿಕೊಂಡಿರುತ್ತದೆ, ಇನ್ನೊಂದು ತರಗೆಲೆ ಕೆದಕುತ್ತದೆ. ವಾರಗಟ್ಟಲೆ ಕಸುಬು ಬದಲಿಸುವುದಿಲ್ಲ. ಕೊಕ್ಕಿನಲ್ಲಿ ವ್ಯತ್ಯಾಸವಿಲ್ಲ, ಗಂಡು–ಹೆಣ್ಣಿನ ಭೇದವೂ ಅಲ್ಲ. ದ್ವೀಪದಲ್ಲಿ ಬೇರೆ ಕಾಡುಹಕ್ಕಿಗಳೇ ಬೆರಳೆಣಿಕೆಯಷ್ಟು, ಹಾಗಾಗಿ ಎಲ್ಲ ಕೆಲಸವೂ ಇದಕ್ಕೇ ಬಿತ್ತು. ಗ್ಯಾಲಪಗೋಸ್‌ನಲ್ಲಿ ದ್ವೀಪಗಳು ಹಲವು, ಬೇರೆ ಬೇರೆಯಾಗಿ ಉಳಿದ ಹಕ್ಕಿಗಳು ಹತ್ತಕ್ಕೂ ಹೆಚ್ಚು ಪ್ರಭೇದಗಳಾದವು. ಇಲ್ಲಿ ಹಾಗೆ ದೂರವಾಗಲು ಜಾಗವೆಲ್ಲಿ?

ದ್ವೀಪದಲ್ಲಿ ಇವು ಬೇಕಾದಷ್ಟಿವೆ. ಆದರೂ ನೆಲೆ ಅದೊಂದೇ. ಮನುಷ್ಯ ತಂದುಬಿಟ್ಟ ಇಲಿ, ಬೆಕ್ಕು, ಹಂದಿಗಳೂ ಇವೆ. ಹಾಗಾಗಿ ಅಪಾಯದಂಚಿನ ಪಟ್ಟಿಯಲ್ಲಿ ಹೆಸರಿದೆ.

ಇನ್ನು ನಮ್ಮ ದ್ವೀಪಗಳು. ಕೂರ್ಮಗಡದಿಂದ ದಡ ಕಣ್ಣಿಗೇ ಕಾಣುತ್ತದೆ. ನೇತ್ರಾಣಿ ಮುರ್ಡೇಶ್ವರದಿಂದ 20 ಕಿ.ಮೀ. ಒಳಗೇ ಇದೆ. ಹೋಗಿ ಬಂದು ಮಾಡುವ ಹಕ್ಕಿ ಬೇರೆ ಪ್ರಭೇದವಾಗುವುದು ಹೇಗೆ? ನೇತ್ರಾಣಿಯ ಬಿಳಿಹೊಟ್ಟೆಯ ಕಡಲ ಹದ್ದು ಕೂಡ ಆಸ್ಟ್ರೇಲಿಯಾದವರೆಗೆ ಹರಡಿಕೊಂಡಿರುವ ಅದೇ ಪ್ರಭೇದ.